ಗೆದ್ದರೆ ಏನ್ ಕೊಡ್ತಾರೆ?

ಊರಿನ ಗೆಳೆಯನೊಬ್ಬ ಆಫೀಸಿನ ಕೆಲಸದ ಮೇಲೆ ಮ್ಯಾಂಚೆಸ್ಟರಿಗೆ ಬಂದಿದ್ದ. ಮಂಗಳವಾರ ಸಂಜೆ ಅವನನ್ನು ಪಬ್ಬಿಗೆ ಕರೆದುಕೊಂಡು ಹೋದೆ. ಕುಡಿಯೋಕಲ್ಲ, ಕ್ವಿಜ್ ಪಂದ್ಯಕ್ಕೆ. ಸ್ಟಾಕ್‌ಪೋರ್ಟ್ ಕಡೆಯ ಒಂದು ಪಬ್ ಕ್ವಿಜ್ ಲೀಗಿನಲ್ಲಿ ನಾನು ಆಡುತ್ತೇನೆ. (ಅಮ್ಮನಿಗೆ ಮಾತ್ರ 'ಕ್ಲಬ್' ಅಂತ ಹೇಳಿಟ್ಟಿದ್ದೇನೆ.) ಪಾಪ, ಎರಡು ಗಂಟೆ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದ. ನಾವು ಗೆದ್ದೆವು. ಹೊರಗೆ ಬಂದ ಕೂಡಲೇ ಕೇಳಿದ: "ಗೆದ್ದಿದ್ದಕ್ಕೆ ಏನ್ ಕೊಡ್ತಾರೋ?"

ಏನೂ ಇಲ್ಲ ಅಂದೆ. ಲೀಗ್ ಪೂರ್ತಿ ಗೆದ್ದರೆ ಒಂದು ಕಪ್ ಸಿಗುತ್ತದೆ. ಅದೂ ಪಬ್ಬಿನ ಕಪಾಟಿನಲ್ಲೇ ಕೂರುತ್ತದೆ.

"ಮತ್ಯಾಕೆ ಮಾರಾಯಾ ಅಷ್ಟು ಕೂಗಾಡಿದ್ರಿ?"

ಅವನು ತಮಾಷೆಗೆ ಕೇಳಿದ್ದು. ಆದರೂ ಚುಚ್ಚಿತು. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಯೋಚಿಸುತ್ತಿದ್ದೆ ಅನ್ನೋದೂ ಅದಕ್ಕೆ ಕಾರಣ ಇರಬಹುದು.

ಆಟ ಸರಳ. ಎರಡು ಟೀಮ್, ತಲಾ ನಾಲ್ಕು ಜನ. ಪ್ರಶ್ನೆ ಸರದಿಯಂತೆ ಒಬ್ಬೊಬ್ಬರಿಗೆ ಬರುತ್ತದೆ. ಯಾರನ್ನೂ ಕೇಳದೆ ಹೇಳಿದರೆ ಎರಡು ಅಂಕ, ಜೊತೆಯವರನ್ನು ಕೇಳಿ ಹೇಳಿದರೆ ಒಂದು. ಅದೂ ಆಗದಿದ್ದರೆ ಎದುರಿನವರಿಗೆ ಅವಕಾಶ. ಒಂದು ವಾರ ನಮ್ಮ ಪಬ್ಬು, ಇನ್ನೊಂದು ವಾರ ಅವರದು. ನಡುವೆ ಬಿಡುವಿನಲ್ಲಿ ಸ್ಯಾಂಡ್‌ವಿಚ್, ಒಂದು ತಟ್ಟೆ ಚಿಪ್ಸ್. ಹೊರಗೆ ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲ ಪೂರ್ತಿ ಇದು ನಡೆಯುತ್ತದೆ.

ನಮ್ಮ ಟೀಮಿನವರ ಬಗ್ಗೆ ಹೇಳಬೇಕು. ಒಬ್ಬರು ನಿವೃತ್ತ ಬಸ್ ಡ್ರೈವರ್. ಒಬ್ಬರು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಇನ್ನೊಬ್ಬ ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುವವನು. ನಾಲ್ಕನೆಯವನು ನಾನು, ಎಂಜಿನಿಯರ್. ಪದವಿ ಇರುವುದು ನನಗೊಬ್ಬನಿಗೇ. ಅಂಕ ಕಡಿಮೆ ಬರುವುದೂ ನನಗೇ.

ಸುತ್ತಲೂ ಬೇರೆ ದೇಶಗಳಿದ್ದು, ಆ ದೇಶಗಳಿಗೂ ಸಮುದ್ರ ಇಲ್ಲದ ದೇಶಗಳು ಎರಡೇ: ಲಿಕ್ಟನ್‌ಸ್ಟೈನ್, ಉಜ್ಬೇಕಿಸ್ತಾನ. ಇದು ಬಾಯ್ಲರ್ ರಿಪೇರಿಯವನಿಗೆ ಗೊತ್ತು. ಕಜಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಇದು ಅಡುಗೆಮನೆಯ ಹೆಂಗಸಿಗೆ ಗೊತ್ತು. ಇದರಿಂದ ಅವರ ಸಂಬಳ ಒಂದು ಪೌಂಡೂ ಏರುವುದಿಲ್ಲ. ಸುಮ್ನೆ ಗೊತ್ತು, ಅಷ್ಟೇ.

ಬಸ್ ಡ್ರೈವರ್ ಅಜ್ಜನದು ಇನ್ನೊಂದು ಕಥೆ. ನಾನು ಕರ್ನಾಟಕದವನು ಅಂತ ಗೊತ್ತಾದ ದಿನವೇ ಅವರು "ಚಂದ್ರಶೇಖರ್!" ಅಂದರು. 1971ರ ಓವಲ್ ಟೆಸ್ಟ್. ನಮ್ಮ ಮೈಸೂರಿನ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಉರುಳಿಸಿದ ಪಂದ್ಯ. ಇಂಗ್ಲೆಂಡಿನಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಿದ್ದು ಆಗ. ಅದು ಗಣೇಶ ಚೌತಿ ಸಮಯ ಅಂತ ನಮ್ಮವರು ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನು ಮೈದಾನಕ್ಕೆ ಕರೆಸಿದ್ದರು. ಆನೆಯ ಹೆಸರೂ ಅಜ್ಜನಿಗೆ ನೆನಪಿದೆ! ಚಂದ್ರ ಟೆಸ್ಟಿನಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167. ರನ್ನಿಗಿಂತ ವಿಕೆಟ್ ಜಾಸ್ತಿ. ಅಂಥ ಇನ್ನೊಬ್ಬ ನ್ಯೂಜಿಲೆಂಡಿನ ಕ್ರಿಸ್ ಮಾರ್ಟಿನ್, 233 ವಿಕೆಟ್, 123 ರನ್. ಇದನ್ನೆಲ್ಲ ಹೇಳುವಾಗ ಆ ಮನುಷ್ಯನ ಮುಖ ನೋಡಬೇಕು. ತಮ್ಮ ತಂಡ ಸೋತ ಪಂದ್ಯವನ್ನು ಇಷ್ಟು ಖುಷಿಯಿಂದ ನೆನೆಯುವವರನ್ನು ನಾನು ಬೇರೆ ಕಂಡಿಲ್ಲ.

ಇಂಥವರು ಇಲ್ಲಿ ಅಪರೂಪವೇನಲ್ಲ. ಬಿಬಿಸಿಯ ಮಾಸ್ಟರ್‌ಮೈಂಡ್ ಅನ್ನುವ ಕಠಿಣ ಕ್ವಿಜ್ 1972ರಿಂದ ಬರುತ್ತಿದೆ. ಅದನ್ನು 1980ರಲ್ಲಿ ಗೆದ್ದ ಫ್ರೆಡ್ ಹೌಸ್‌ಗೋ ಲಂಡನ್ನಿನ ಟ್ಯಾಕ್ಸಿ ಡ್ರೈವರ್. 1983ರಲ್ಲಿ ಗೆದ್ದ ಕ್ರಿಸ್ಟೋಫರ್ ಹ್ಯೂಸ್ ಲಂಡನ್ನಿನ ಸುರಂಗ ರೈಲಿನ ಡ್ರೈವರ್.

ಈಗ ನಮ್ಮ ಕಡೆ ಬನ್ನಿ. ನಮ್ಮಲ್ಲಿ ಸಾಮಾನ್ಯ ಜ್ಞಾನ ಅಂದರೆ ಒಂದು ಪೇಪರ್. ಪಿಡಿಒಗೆ ಬೇಕು, ಎಫ್‌ಡಿಎಗೆ ಬೇಕು, ಪಿಎಸ್‌ಐಗೆ ಬೇಕು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮುಂದಿನ ಸಾಲಿನಲ್ಲಿ ನೇತಾಡುವುದು ಅದೇ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮ್ ಮಾಡಿಕೊಂಡು ಹುಡುಗರು ಹಲ್ಮಿಡಿ ಶಾಸನದಿಂದ ಹಿಡಿದು ನಿನ್ನೆಯ ಪ್ರಶಸ್ತಿಯವರೆಗೆ ಬಾಯಿಪಾಠ ಮಾಡುತ್ತಾರೆ. ಕೆಲಸ ಸಿಕ್ಕಿತೋ, ಕಾರ್ಯ ಮುಗಿದ ಮೇಲೆ ಶಾಮಿಯಾನ, ಪಾತ್ರೆ ವಾಪಸ್ ಕಳಿಸಿದ ಹಾಗೆ ಎಲ್ಲವನ್ನೂ ವಾಪಸ್ ಕಳಿಸಿಬಿಡುತ್ತಾರೆ. ಕೆಲಸಕ್ಕೆ ಸೇರಿ ಐದು ವರ್ಷವಾದವರನ್ನು ಮಾತಾಡಿಸಿ ನೋಡಿ. ಸೈಟಿನ ರೇಟು ಬಿಟ್ಟು ಬೇರೆ ಅಂಕಿ ಬಾಯಿಗೆ ಬರುವುದಿಲ್ಲ.

ಶಾಲೆಯ ಕ್ವಿಜ್ ಅಂತೂ ಕೇಳಲೇಬೇಡಿ. ಮುಖ್ಯ ಅತಿಥಿ ಬರುವ ತನಕ ಮಕ್ಕಳು ಕಾಯಬೇಕು. ಸ್ವಾಗತ, ಹಾರ, ಶಾಲು, ಎರಡು ಭಾಷಣ. ಆಮೇಲೆ ಗೈಡ್ ನೋಡಿ ಓದುವ ಪ್ರಶ್ನೆಗಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಕಡೆ ಕರ್ನಾಟಕದ ಅತಿ ಎತ್ತರದ ಜಲಪಾತ ಯಾವುದು ಅಂತ ಕೇಳಿದರು. ನಾನು ಸಾಗರದ ಕಡೆಯವನು. ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಅಂದೆ. ಅಪ್ಪ ಹೇಳಿದ್ದು ಕೇಳಿ ಗೊತ್ತಿತ್ತು. ಮೇಷ್ಟ್ರು ನಕ್ಕರು. ಜೋಗ ಅಂತ ಗೈಡಿನಲ್ಲಿತ್ತು, ಜೋಗವೇ ಸರಿ. ಜೋಗ 253 ಮೀಟರ್. ವರಾಹಿಯ ಕುಂಚಿಕಲ್ 455 ಮೀಟರ್ ಅಂತ ಎಷ್ಟೋ ಪುಸ್ತಕಗಳಲ್ಲಿದೆ. ಜೋಗ ಒಂದೇ ಸಲ ಧುಮುಕುತ್ತದೆ, ಕುಂಚಿಕಲ್ ಬಂಡೆಯ ಮೇಲೆ ಹಂತಹಂತವಾಗಿ ಇಳಿಯುತ್ತದೆ, ಅದನ್ನು ಹೇಗೆ ಅಳೆಯಬೇಕು? ಎಷ್ಟು ಚೆಂದದ ಜಗಳಕ್ಕೆ ಅಲ್ಲಿ ಜಾಗ ಇತ್ತು! ಮೇಷ್ಟ್ರು "ಕೂತ್ಕೋ" ಅಂದರು. ಮುಗಿಯಿತು.

ಇಲ್ಲಿ ಹೋದ ವರ್ಷ ಒಂದು ಪಂದ್ಯದಲ್ಲಿ ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹ ಯಾವುದು ಅಂತ ಪ್ರಶ್ನೆ ಬಂತು. ಹಾಳೆಯಲ್ಲಿ ಗುರು ಅಂತ ಬರೆದಿತ್ತು. ನಮ್ಮ ಬಾಯ್ಲರ್ ರಿಪೇರಿಯವನು ಶನಿ ಅಂದ. 2025ರಲ್ಲಿ ಒಂದೇ ಸಲ 128 ಹೊಸ ಉಪಗ್ರಹಗಳು ಸೇರಿ ಶನಿಯ ಲೆಕ್ಕ 274 ಆಗಿದೆ ಅಂತ ವಾದ ಹೂಡಿದ. ಫೋನ್ ತೆಗೆಯುವ ಹಾಗಿಲ್ಲ. ಐದು ನಿಮಿಷ ಗದ್ದಲ. ಕೊನೆಗೆ ಎದುರಿನ ಟೀಮಿನ ಕ್ಯಾಪ್ಟನ್ನೇ, "ಅವನು ಹೇಳಿದ್ದು ಸರಿ, ಕೊಡಿ ಅಂಕ" ಅಂದರು. ಮೇಲೊಂದು ಬಿಯರನ್ನೂ ಕೊಡಿಸಿದರು.

ಕಳೆದುಕೊಳ್ಳುವುದು ಏನೂ ಇಲ್ಲದಾಗ ಹೀಗೆ ಒಪ್ಪಿಕೊಳ್ಳುವುದು ಸುಲಭ, ಅಲ್ವಾ? ಹೌದು. ಇದನ್ನು ಹೇಳೋಕೆ ನನಗೆ ಅಷ್ಟು ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಊರಿನಲ್ಲಿ ಒಂದು ಪ್ರಶ್ನೆ ಅಂದರೆ ಒಂದು ಕೆಲಸ, ಒಂದು ಮನೆಯ ಸಾಲ, ಒಬ್ಬ ತಂಗಿಯ ಮದುವೆ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ತಪ್ಪು ಅಂತ ಗಲಾಟೆಯಾಗಿ, ಡಿಸೆಂಬರ್‌ನಲ್ಲಿ ಎಲ್ಲರೂ ಮತ್ತೆ ಬರೆಯಬೇಕಾಯಿತು. ಆ ಹುಡುಗರಿಗೆ ಹೋಗಿ 'ಜ್ಞಾನವನ್ನು ಆಟದ ಹಾಗೆ ನೋಡಿ' ಅಂದರೆ ಒದೆ ಬೀಳುತ್ತದೆ. ಬೀಳಬೇಕಾದ್ದೇ.

ಇಲ್ಲಿಯದೂ ಪೂರ್ತಿ ನಿಸ್ವಾರ್ಥ ಅಂತ ಅಂದುಕೊಳ್ಳಬೇಡಿ. ವಾರದ ಮಧ್ಯೆ ಖಾಲಿ ಹೊಡೆಯುವ ಪಬ್ಬಿಗೆ ಜನ ಬರಲಿ ಅಂತಲೇ ಪಬ್ಬಿನವರು ಕ್ವಿಜ್ ಇಡುವುದು. 1970ರ ದಶಕದಲ್ಲಿ ಇದು ಎಲ್ಲ ಕಡೆ ಹಬ್ಬಿದ್ದೇ ಹಾಗೆ. ಲೀಗಿನಲ್ಲಿ ಹೆಚ್ಚಿನವರ ತಲೆ ಬೆಳ್ಳಗಾಗಿದೆ. ಅವರ ಬಾಲ್ಯದ ಟೀವಿ ಧಾರಾವಾಹಿಗಳ ಪ್ರಶ್ನೆ ಬಂದರೆ ನಾನು ಗೋಡೆ ನೋಡುತ್ತಾ ಕೂರುತ್ತೇನೆ. ಡಾ. ರಾಜ್ ಬಗ್ಗೆ ಒಂದೇ ಒಂದು ಕೇಳ್ರಪ್ಪ ಅನ್ನಿಸುತ್ತದೆ.

ನಮ್ಮಲ್ಲೂ ಇಲ್ಲ ಅಂತಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ. ಅದು ಬೆಂಗಳೂರಿನ ಇಂಗ್ಲಿಷ್ ಬಲ್ಲವರ ಲೋಕ, ನಮ್ಮ ಸಾಗರದ ತನಕ ಬರಲಿಲ್ಲ ಅನ್ನುವ ಸಿಟ್ಟು ನನಗೆ. ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಬರುತ್ತಿದೆ. ಗೆದ್ದವರಿಗೆ ಪುಸ್ತಕ. ಅಪ್ಪ ಉತ್ತರವನ್ನು ಟೀವಿಗೇ ಕೂಗಿ ಹೇಳುತ್ತಿದ್ದರು. ಅವರಿಗೆ ಆಗ ಯಾವ ಪರೀಕ್ಷೆಯೂ ಇರಲಿಲ್ಲ. ಇನ್ನು ತಾಳಮದ್ದಳೆಯಲ್ಲಿ ವಾಲಿಯನ್ನು ಮರೆಯಲ್ಲಿ ನಿಂತು ಹೊಡೆದದ್ದು ಸರಿಯೇ ಅಂತ ಬೆಳಗಿನವರೆಗೆ ವಾದ ಕೇಳಿದವರು ಏನು ಸಂಪಾದಿಸಿದರು? ನಿದ್ದೆಗೆಟ್ಟಿದ್ದು ಬಿಟ್ಟರೆ ಏನೂ ಇಲ್ಲ. ಗೆಳೆಯನಿಗೆ ಅವತ್ತೇ ಇದನ್ನು ಹೇಳಬಹುದಿತ್ತು, ಹೊಳೆಯಲಿಲ್ಲ.

ಈ ಸಲ ಒಂದು ಸುತ್ತಿನ ಪ್ರಶ್ನೆ ತಯಾರಿಸುವ ಸರದಿ ನಮ್ಮ ಟೀಮಿನದು. ಅಕ್ಕನ ಮಗ ಧಾರವಾಡದಲ್ಲಿ ಎಫ್‌ಡಿಎಗೆ ಓದುತ್ತಿದ್ದಾನೆ. ಹತ್ತು ಪ್ರಶ್ನೆ ಕಳಿಸು ಅಂದೆ. ಕಳಿಸಿದ. ಹೆಚ್ಚಿನವು 'ಯಾವ ವರ್ಷ', 'ಎಷ್ಟನೆಯವರು' ಜಾತಿಯವು. ಒಂದು ಮಾತ್ರ ಬೇರೆ ಥರ ಇತ್ತು. ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿಯನ್ನು ಮಾಡುವ ಕಾರ್ಖಾನೆ ಯಾವ ನಗರದಲ್ಲಿದೆ? ಮೈಸೂರು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತಿದೆ, ಹೊರದೇಶಗಳಿಗೂ ಹೋಗುತ್ತದೆ. ಶಾಯಿ ಯಾಕೆ ಅಳಿಸುವುದಿಲ್ಲ ಅಂತ ಕೇಳಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗುತ್ತದೆ ಅಂತ ಪಟಪಟ ಹೇಳಿದ. "ಇದು ಸಿಲೆಬಸ್ಸಲ್ಲಿ ಇದ್ಯೇನೋ?" ಅಂದೆ. "ಇಲ್ಲ ಮಾವ, ಸುಮ್ನೆ ಓದಿದ್ದು."

ಹತ್ತರಲ್ಲಿ ಎಂಟನ್ನು ಟೀಮಿನವರು ತೆಗೆದುಹಾಕಿದರು. ಶಾಯಿ ಉಳಿಯಿತು. ಆದರೆ ಅಡುಗೆಮನೆಯ ಹೆಂಗಸು ಅದನ್ನು ತಿದ್ದಿದರು. ಊರಿನ ಹೆಸರು ಕೇಳಿದರೆ ಇಲ್ಲಿ ಯಾರಿಗೂ ಬರುವುದಿಲ್ಲ, ಮೈಸೂರನ್ನು ಪ್ರಶ್ನೆಯೊಳಗೇ ಹೇಳಿಬಿಡಿ, ಶಾಯಿಯಲ್ಲಿ ಇರುವ ಲೋಹ ಯಾವುದು ಅಂತ ಕೇಳಿ, ಯೋಚಿಸಿದರೆ ಹೊಳೆಯುತ್ತದೆ ಅಂದರು. ಹಾಗೇ ಮಾಡಿದೆವು. ಅಳಿಯ ಒಪ್ಪಲಿಲ್ಲ. ನನ್ನ ಪ್ರಶ್ನೆ ಕೆಡಿಸಿದ್ರಿ ಅಂತ ವಾಟ್ಸಾಪಿನಲ್ಲಿ ಒಂದೇ ಸಮ ಜಗಳ. ಕೊನೆಗೆ ನಾನೇ ಗದರಬೇಕಾಯಿತು: "ಪರೀಕ್ಷೆ ಹತ್ರ ಬಂತು, ಸುಮ್ನೆ ಓದ್ಕೋ ಹೋಗೋ."