ಅಜ್ಜನ ತಂದೆಯ ಸಮಾಧಿ ಮತ್ತು ಗೆದ್ದಲು ತಿಂದ ಒಂದು ಸಾಲು

ಇವತ್ತು ಬೆಳಿಗ್ಗೆ ಮಂಗಳೂರಿನ ಸಮೀಪದ ಹಳೆಯ ಕ್ಯಾಥೊಲಿಕ್ ಧರ್ಮಕೇಂದ್ರವೊಂದರ, ಅಂದರೆ ಊರ ಚರ್ಚಿನ, ಕಚೇರಿಯಲ್ಲಿ, ಅಜ್ಜನ ತಂದೆಯನ್ನು ಎಲ್ಲಿ ಹೂಳಿದ್ದರು ಎಂದು ಹುಡುಕುತ್ತ ಮರಣ ದಾಖಲೆಯ ಪುಸ್ತಕವನ್ನು ಬಿಡಿಸಿದೆ. ಊರೂರಿಗೆ ಇನ್‌ಫ್ಲುಯೆಂಜಾ ಹಬ್ಬಿದ 1918ರಲ್ಲಿ, ಮಳೆಗಾಲ ಮುಗಿದ ಮೇಲೆ ಅವರು ತೀರಿಕೊಂಡರು ಎಂಬುದೊಂದೇ ನಮ್ಮ ಮನೆಯಲ್ಲಿ ಉಳಿದ ಸುಳಿವು. ಬೇಕಾಗಿದ್ದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನ ತುದಿಯಿಂದ ಬಿಡಿಸಿದರೆ ಕಂದುಬಣ್ಣದ ಹುಡಿ ಮೇಜಿನ ಮೇಲೆ ಉದುರಿತು. ಅವರ ಹೆಸರಿನ ಮುಂದೆ ಲ್ಯಾಟಿನ್ನಿನಲ್ಲಿ ‘ಸೆಪುಲ್ತುಸ್ ಎಸ್ತ್’, ಅಂದರೆ ಹೂಳಲಾಯಿತು, ಎಂದಿತ್ತು. ಎಲ್ಲಿ ಎಂದು ಬರೆದಿರಬೇಕಾದ ಕಡೆ ಗೆದ್ದಲು ಕೊರೆದ ತೂತು. ಅದರೊಳಗಿಂದ ಕೆಳಗಿನ ಪುಟದ ಯಾರದೋ ವಯಸ್ಸು ಕಾಣುತ್ತಿತ್ತು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹೆಸರು, ವಯಸ್ಸು, ಸಾಯುವ ಮುನ್ನ ಪಡೆದ ಕೊನೆಯ ಸಂಸ್ಕಾರ, ಹೂಳಿದ ಸ್ಥಳ ಇಷ್ಟನ್ನೂ ಬರೆದಿಡಬೇಕೆಂಬ ಕಟ್ಟಳೆ ಕ್ಯಾಥೊಲಿಕ್ ಚರ್ಚಿನ 1614ರ ರೋಮನ್ ವಿಧಿಗ್ರಂಥದಲ್ಲೇ ಇದೆ. ಅದನ್ನು ಪಾಲಿಸಿ, ಅಂಥ ಜ್ವರದ ದಿನಗಳಲ್ಲೂ ಇಷ್ಟು ಓರಣವಾಗಿ ಬರೆದಿಟ್ಟ ಆ ಪಾದ್ರಿಯ ಶ್ರಮವನ್ನು ನಾವು ಒದ್ದೆ ಗೋಡೆಗೆ ಒರಗಿಸಿದ ಕಪಾಟಿನಲ್ಲಿಟ್ಟು ಕೊಳೆಸಿದ್ದೇವೆ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರಾದ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದು ಚರ್ಚುಗಳನ್ನು ಕೆಡವಿದ ಕಾಲದ ಕಾಗದಪತ್ರ ಸಿಗದಿದ್ದರೆ ಇತಿಹಾಸವನ್ನು ದೂರಬಹುದು. 1918ರ ಪುಸ್ತಕ ಹಾಳಾದದ್ದಕ್ಕೆ ಯಾರನ್ನು ದೂರುವುದು?

ಸಿಮೆಟ್ರಿಗೆ ಹೋಗಿ ಸಮಾಧಿಯ ಕಲ್ಲು ನೋಡಿದರಾಯಿತಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಗೇಣಿಗೆ ಗದ್ದೆ ಮಾಡಿಕೊಂಡಿದ್ದ ಮನೆಯವರಿಗೆ ಕಲ್ಲು ಹಾಕಿಸುವ ಶಕ್ತಿ ಎಲ್ಲಿತ್ತು? ಮರದ ಶಿಲುಬೆ ನಾಲ್ಕು ಮಳೆಗೆ ಮಣ್ಣಾಗುತ್ತದೆ, ವರ್ಷಗಳು ಕಳೆದ ಮೇಲೆ ಅದೇ ಜಾಗವನ್ನು ಇನ್ನೊಬ್ಬರಿಗಾಗಿ ಅಗೆಯುತ್ತಾರೆ. ಅಂಥವರಿಗೆ ಉಳಿಯುವುದು ಪುಸ್ತಕದ ಆ ಒಂದು ಸಾಲು ಮಾತ್ರ.

ಕಚೇರಿಯಲ್ಲಿ ಇರುವುದು ಒಬ್ಬರೇ ಗುಮಾಸ್ತರು, ಪ್ರಮಾಣಪತ್ರ ಬರೆದುಕೊಡುವ ಕೆಲಸವೇ ಮುಗಿಯುವುದಿಲ್ಲ ಎಂಬ ಉತ್ತರವೂ ಬಂತು. ನಿಜವಿರಬಹುದು, ಆದರೆ ಒಪ್ಪಲಾರೆ. ವಾಳೆಗೆ, ಅಂದರೆ ಧರ್ಮಕೇಂದ್ರದ ಒಂದೊಂದು ವಾರ್ಡಿಗೆ, ಇಬ್ಬರಂತೆ ಹುಡುಗರು ಮೊಬೈಲ್ ಹಿಡಿದು ಕುಳಿತರೆ ಒಂದು ಪುಸ್ತಕದ ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕು? ಹಬ್ಬದ ಚಪ್ಪರಕ್ಕೆ ಸಿಗುವ ಕೈಗಳು ಇದಕ್ಕೇಕೆ ಸಿಗುವುದಿಲ್ಲ?

ನನ್ನ ತಪ್ಪನ್ನೂ ಹೇಳಬೇಕು. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಪ್ರತಿ ವರ್ಷ ಅಜ್ಜಿ ಎಲ್ಲ ಸಮಾಧಿಗಳ ಪ್ರಾರ್ಥನೆ ಮುಗಿಸಿದ ಮೇಲೆ, ಸಿಮೆಟ್ರಿಯ ಗೋಡೆಯ ಬುಡದಲ್ಲಿ, ಯಾವ ಗುರುತೂ ಇಲ್ಲದ ಜಾಗದಲ್ಲಿ ಒಂದು ಮೇಣದಬತ್ತಿ ಹಚ್ಚುತ್ತಿದ್ದರು. ಅದು ಯಾರಿಗೆಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಆ ಗೋಡೆಯೂ ಇಲ್ಲ.

ಉಳಿದ ಪುಟಗಳ ಫೋಟೋ ತೆಗೆಯಲು ಧರ್ಮಗುರುಗಳು ಒಪ್ಪಿದ್ದಾರೆ. ಸೋಮವಾರ ಬೆಳಿಗ್ಗೆ ಹೋಗುತ್ತೇನೆ. ಜೊತೆಗೆ ಬರುವವರು ತಿಳಿಸಿ. ಬರುವಾಗ ಮೆತ್ತನೆಯ ಬ್ರಷ್ ಒಂದನ್ನು ತನ್ನಿ.