ಕರೆಂಟಿಗೆ ಇಲಿ ಹೆದರುತ್ತದೆಯೆ?

ಸದ್ದಿನಿಂದಲೇ ಇಲಿ, ಹುಳ ಓಡಿಸುತ್ತದೆಂದು ಮಾರುವ, ಪ್ಲಗ್ಗಿಗೆ ಸಿಕ್ಕಿಸಿದರೆ ನೀಲಿ ದೀಪ ಹತ್ತುವ ಪುಟ್ಟ ಬಿಳಿ ಡಬ್ಬಿಯ ರಟ್ಟಿನ ಮೇಲೆ ಇಲಿ, ಜಿರಳೆ, ಸೊಳ್ಳೆ, ಇರುವೆ, ಹಲ್ಲಿ ಎಲ್ಲದಕ್ಕೂ ಕೆಂಪು ಗೆರೆ ಎಳೆದಿರುತ್ತಾರೆ. ಒಬ್ಬ ಬಾಡಿಗೆದಾರನನ್ನು ಬಿಡಿಸಲು ಕೋರ್ಟಿಗೆ ವರ್ಷಗಟ್ಟಲೆ ಬೇಕು. ಇದು ಐದು ಸಂಸಾರಗಳನ್ನು ವಾರದಲ್ಲಿ ಖಾಲಿ ಮಾಡಿಸುತ್ತದಂತೆ. (ಹಲ್ಲಿಯನ್ನು ಪಟ್ಟಿಗೆ ಸೇರಿಸಿದವರಿಗೆ ಜಿರಳೆ ತಿನ್ನುವುದು ಯಾರೆಂದು ಗೊತ್ತಿದ್ದಂತಿಲ್ಲ.)

ಡಬ್ಬಿ ಸುಮ್ಮನೆ ಕೂತಿರುವುದಿಲ್ಲ ನಿಜ. ಕರೆಂಟು ಹಾಯ್ದರೆ ಅದುರುವ ಒಳಗಿನ ಪಿಯೆಜೋ ಬಿಲ್ಲೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಹೊರಡಿಸುತ್ತದೆ. ನಮಗೆ ಕೇಳದ್ದು ಇಲಿಗೆ ಕೇಳುತ್ತದೆ. ಆದರೆ ಇಲಿಗಳ ಸ್ವಂತ ಹರಟೆಯೂ ಅದೇ ಎತ್ತರದ್ದು: ಗಾಬರಿಗೆ ಸುಮಾರು 22 ಕಿಲೋಹರ್ಟ್ಸ್, ಖುಷಿಗೆ 50ರ ಆಸುಪಾಸು. ಹೊಸ ಸದ್ದಿಗೆ ಮೊದಲು ಬೆಚ್ಚಿ ಜಾಗ ಬದಲಿಸುತ್ತವೆ. ಅಕ್ಕಿ ಬೇಳೆ ಇದ್ದಲ್ಲೇ ಇದ್ದರೆ ಕೆಲವೇ ದಿನಕ್ಕೆ ವಾಪಸ್. ಐದು ಸ್ಟಾರ್ ಕೊಟ್ಟು 'ಸೂಪರ್, ಒಂದೂ ಇಲಿ ಇಲ್ಲ' ಎಂದು ಬರೆಯುವುದು ಆ ನಡುವಿನ ದಿನಗಳಲ್ಲಿ.

ಜೊತೆಗೆ ಈ ಸದ್ದು ಗೋಡೆ ದಾಟದು, ಕಪಾಟಿನೊಳಗೆ ಹೋಗದು, ಪರದೆ ಹಾಸಿಗೆ ಸಿಕ್ಕರೆ ಅಲ್ಲೇ ಇಂಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಬಿಡುವಾಗಿರುವ ಪ್ಲಗ್ ಸಾಮಾನ್ಯವಾಗಿ ಫ್ರಿಜ್ಜಿನ ಹಿಂದಿನದು. ಅಲ್ಲಿ ಸಿಕ್ಕಿಸಿದರೆ ಡಬ್ಬಿ ಹಗಲೂ ರಾತ್ರಿ ಫ್ರಿಜ್ಜನ್ನು ಹೆದರಿಸುತ್ತದೆ, ಇಲಿ ಅಟ್ಟದಲ್ಲಿರುತ್ತದೆ. ಜಿರಳೆ ಇರುವೆಗಳಂತೂ ಕ್ಯಾರೇ ಅನ್ನುವುದಿಲ್ಲ. ಸದ್ದಿನಿಂದ ಸೊಳ್ಳೆ ಓಡಿಸುವ ಯಂತ್ರಗಳ 10 ಪರೀಕ್ಷೆಗಳನ್ನು ಜಾಲಾಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನೆ ತೂಗಿನೋಡುವ ಸಂಸ್ಥೆಯ 2007ರ ವರದಿಯ ಪ್ರಕಾರ ಕಡಿತ ಒಂದಿಷ್ಟೂ ಕಮ್ಮಿಯಾಗಲಿಲ್ಲ.

ಸೊಳ್ಳೆ ಸುಡಲೆಂದು ತೂಗುಹಾಕುವ ನೇರಳೆ ದೀಪದ ಪಂಜರ ಚಟಪಟ ಅನ್ನುವುದೇನೋ ಹೌದು, ಸಾಯುವುದು ಬೇರೆಯವರು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು 1996ರಲ್ಲಿ ಕೊಟ್ಟ ಲೆಕ್ಕದಲ್ಲಿ ಸತ್ತ ಹುಳ 13,789. ಕಚ್ಚುವ ಜಾತಿಯವು 31. ಸೊಳ್ಳೆ ಹುಡುಕುವುದು ನಮ್ಮ ಉಸಿರನ್ನು, ಮೈ ಬಿಸಿಯನ್ನು, ಬೆವರನ್ನು.

ಹಾಗಾದರೆ ಕರೆಂಟು ದಂಡವೇ? ಅಲ್ಲ, ಅದು ಹುಳದ ಮೈಗೆ ತಾಗಬೇಕು. ಸೊಳ್ಳೆ ಬ್ಯಾಟು ಕೆಲಸ ಮಾಡುವುದು ಅದಕ್ಕೇ. ಜೋರಾಗಿ ಬೀಸಿದರೆ ಗಾಳಿಗೇ ಸೊಳ್ಳೆ ಪಕ್ಕಕ್ಕೆ ಸರಿಯುತ್ತದೆ. ಬಟನ್ ಒತ್ತಿ ಹಿಡಿದು ನಿಧಾನ ತಳ್ಳಬೇಕು. ಟಪ್ ಎಂದು ನೆಲಕ್ಕೆ ಬಿದ್ದದ್ದು ಕೆಲವು ಸಲ ಮೂರ್ಛೆ ಅಷ್ಟೇ, ಎದ್ದು ಹೋಗುತ್ತದೆ. ಬಟನ್ ಬಿಟ್ಟ ಮೇಲೂ ಒಳಗೆ ಕರೆಂಟು ಕೂಡಿಡುವ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಜಾಲರಿ ಮುಟ್ಟಬೇಡಿ. ಹಳೇ ಬ್ಯಾಟುಗಳ 4 ವೋಲ್ಟ್ ಸೀಸದ ಬ್ಯಾಟರಿ ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಮತ್ತೆ ಏಳದು; ಬಳಸದಿದ್ದರೂ ಆಗಾಗ ಚಾರ್ಜ್ ಮಾಡಿ. ಚಾರ್ಜಿಗೆ ಹಾಕಿಕೊಂಡೇ ಬೀಸುವ ಶೂರತನ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಜಿರಳೆ ಸ್ಪ್ರೇ ಹೊಡೆದ ಕೂಡಲೇ ಅದೇ ಕೋಣೆಯಲ್ಲಿ ಬ್ಯಾಟು ಬೀಸಬೇಡಿ. ಡಬ್ಬಿಯಿಂದ ಸ್ಪ್ರೇ ಚಿಮ್ಮಿಸುವುದು ಬಹುಪಾಲು ಉರಿಯುವ ಗ್ಯಾಸೇ, ಬ್ಯಾಟಿನ ಕಿಡಿ ಸಾಕು. ಸೊಳ್ಳೆಯ ಜೊತೆ ಹುಬ್ಬೂ ಹೋದೀತು.

ಇಲಿಗೆ ಬ್ಯಾಟರಿಯ ಶಾಕ್ ಪೆಟ್ಟಿಗೆ ಬರುತ್ತದೆ, ಅದು ನಿಜಕ್ಕೂ ಕೊಲ್ಲುತ್ತದೆ. ಇಲಿ ಸಾಮಾನ್ಯವಾಗಿ ಕೋಣೆಯ ನಟ್ಟನಡುವೆ ಓಡಾಡುವುದಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಿ. ಕಡಲೆಬೀಜದ ಮುದ್ದೆ ಒಳಗಿನ ತುದಿಯಲ್ಲಿರಲಿ: ಎರಡು ತಗಡುಗಳನ್ನೂ ಮೆಟ್ಟಿದರೆ ಮಾತ್ರ ಶಾಕ್. ಸೆಲ್ ಸೊರಗಿದ್ದರೆ ಇಲಿ ಉಂಡು ಹೊರಡುತ್ತದೆ. ಆದರೆ ಬಾಗಿಲಡಿ 6 ಮಿಲಿಮೀಟರ್ ಸಂದಿ ಇದ್ದರೂ ಚಿಟ್ಟಿಲಿ ನುಸುಳುತ್ತದೆ, ಎಷ್ಟು ಹಿಡಿದರೂ ಹೊಸಬರು ಬರುತ್ತಾರೆ. ಪೈಪಿನ ಸುತ್ತಲಿನ ಕಂಡಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕಿ ಸಿಮೆಂಟ್ ಮೆತ್ತಿ.

ಸೊಳ್ಳೆ ಜೋರು ಗಾಳಿಗೆ ಎದುರಾಗಿ ಹಾರಲಾರದು, ಸೀಲಿಂಗ್ ಫ್ಯಾನೇ ಒಳ್ಳೆಯ ಯಂತ್ರ. ಡ್ರಮ್ಮು, ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ. ಜಿರಳೆಗೆ ತಿಂದು ಸಾಯುವ ವಿಷದ ಜೆಲ್ ಸಾಕು: ಸಿಂಕಿನ ಕೆಳಗೆ, ಕಪಾಟಿನ ಕೀಲಿನ ಹತ್ತಿರ, ಗ್ಯಾಸ್ ಕಟ್ಟೆಯ ಸಂದಿಯಲ್ಲಿ ಸಣ್ಣ ಸಣ್ಣ ಬೊಟ್ಟು. ಅದರ ಮೇಲೆ ಸ್ಪ್ರೇ ಹೊಡೆದರೆ, ಫಿನಾಯಿಲ್ ಹಾಕಿ ಒರೆಸಿದರೆ, ಜಿರಳೆ ಆ ಕಡೆ ತಲೆ ಹಾಕದು. ಜೆಲ್ ಹಾಕಿದ ವಿಷಯವನ್ನು ಮನೆ ಒರೆಸುವವರಿಗೆ ಮೊದಲೇ ಹೇಳಿಡಿ.