ಸತ್ಯಾಂಶ: ರಾಸ್ಪ್‌ಬೆರಿ ಪೈ ಸಿಗ್ನಲ್ ಪಿನ್‌ಗೆ 5 ವೋಲ್ಟ್ ಕೊಡಬಹುದೇ?

"ಬೋರ್ಡ್ ಓಡುವುದೇ 5 ವೋಲ್ಟ್‌ನಲ್ಲಿ, ಹಾಗಾಗಿ ಜಿಪಿಐಒ (ಸಿಗ್ನಲ್) ಪಿನ್‌ಗೂ 5 ವೋಲ್ಟ್ ಕೊಡಬಹುದು" ಎಂಬ ಸಂದೇಶ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಗ್ಗೆ ಹರಿದಾಡುತ್ತಿದೆ. ಇದು ತಪ್ಪು.

ಬೋರ್ಡ್‌ನ 40 ಪಿನ್‌ಗಳ ಸಾಲಿನಲ್ಲಿ (ಹೆಡರ್) 2 ಮತ್ತು 4ನೇ ಪಿನ್‌ಗಳಲ್ಲಿ 5 ವೋಲ್ಟ್ ಇರುವುದು ನಿಜ. ಆದರೆ ಅವು ಪವರ್ ಪಿನ್‌ಗಳು. ಸಿಗ್ನಲ್ ಪಿನ್‌ಗಳು ನೇರ ಚಿಪ್‌ಗೆ ಹೋಗುತ್ತವೆ, ಅವುಗಳ ಮಿತಿ 3.3 ವೋಲ್ಟ್. "ಕೊಟ್ಟು ನೋಡಿದೆ, ಏನೂ ಆಗಲಿಲ್ಲ" ಎನ್ನುವವರೂ ಇದ್ದಾರೆ. ಹಾನಿ ಎಲ್ಲ ಸಲ ಹೊಗೆಯಾಗಿ ಕಾಣುವುದಿಲ್ಲ. ಒಂದೇ ಪಿನ್ ಸತ್ತು ಉಳಿದ ಬೋರ್ಡ್ ಚೆನ್ನಾಗಿಯೇ ಓಡಬಹುದು.

ಹೆಚ್ಚಾಗಿ ಎಡವಟ್ಟಾಗುವುದು ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನಲ್ಲಿ. ಅಳತೆಯ ಸಿಗ್ನಲ್ ಕಳಿಸುವ ಅದರ ಎಕೋ ತಂತಿ 5 ವೋಲ್ಟ್ ಹೊರಹಾಕುತ್ತದೆ. ಅದನ್ನು ಇಳಿಸಲು ಎರಡು ರೆಸಿಸ್ಟರ್ ಸಾಕು. ಎಕೋದಿಂದ 1 ಕಿಲೋಓಮ್ ರೆಸಿಸ್ಟರ್, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 2 ಕಿಲೋಓಮ್. ಎರಡೂ ಸೇರುವ ಜಾಗದಿಂದ ಜಿಪಿಐಒಗೆ ತಂತಿ. ಅಲ್ಲಿ ಸಿಗುವುದು ಸುಮಾರು 3.3 ವೋಲ್ಟ್. ರೆಸಿಸ್ಟರ್‌ಗಳು ಅದಲು ಬದಲಾದರೆ 1.67 ವೋಲ್ಟ್ ಮಾತ್ರ: ಪಿನ್ ಸುಡದು, ಆದರೆ ಓದು ನಂಬುವಂತಿರದು. ಜಿಪಿಐಒಗೆ ಜೋಡಿಸುವ ಮೊದಲು 1 ಕಿಲೋಓಮ್ ರೆಸಿಸ್ಟರ್‌ನ ಎಕೋ ಕಡೆಯ ತುದಿಯನ್ನು ಸೆನ್ಸರ್‌ನಿಂದ ಬಿಡಿಸಿ 2ನೇ ಪಿನ್‌ಗೆ ಹಚ್ಚಿ, ನಡುವಿನ ಜಾಗವನ್ನು ಮಲ್ಟಿಮೀಟರ್‌ನಲ್ಲಿ ಅಳೆದುಬಿಡಿ.

ಬೇರೆ ಸಾಧನದೊಡನೆ ಡೇಟಾ ಕಳಿಸಿ ಪಡೆಯುವ ಸೀರಿಯಲ್ ಪಿನ್‌ಗಳದ್ದೂ ಇದೇ ಕಥೆ. 8ನೇ ಪಿನ್ ಕಳಿಸುತ್ತದೆ, 10ನೇದು ಪಡೆಯುತ್ತದೆ, ಎರಡೂ 3.3 ವೋಲ್ಟ್‌ನವು. ಹಳೆಯ ಪಿಸಿಯ 9 ಪಿನ್ ಸೀರಿಯಲ್ ಪೋರ್ಟ್ (ಆರ್‌ಎಸ್-232) ಋಣ ವೋಲ್ಟೇಜನ್ನೂ ಕಳಿಸುತ್ತದೆ, ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಚಿಪ್, ಅದೂ 3.3 ವೋಲ್ಟ್ ಪವರ್ ಕೊಟ್ಟು, ಇರಲೇಬೇಕು.